ಹಿತ್ತಿಲ ಮೆಟ್ಟಿಲಿನ ಕಲ್ಲು



ಕಳೆದ ಮಾಘಮಾಸದ ಒಂದು ರಾತ್ರಿ, ಮನೆಯವರೆಲ್ಲರೂ ಕಂಬಳಿಯೊಳಗೆ ಮುದುಡಿಕೊಂಡಿದ್ದ ಹೊತ್ತಿನಲ್ಲಿ, ನನ್ನ ಎದೆಯ ನಡುವಿನಿಂದ ಹೊರಟ ಒಂದು ಕಾವು ಕೊರಳನ್ನೇರಿ, ಕೆನ್ನೆಯನ್ನು ಸುಟ್ಟು, ನೆತ್ತಿಯವರೆಗೂ ವ್ಯಾಪಿಸಿ, ಮೈಯೆಲ್ಲವನ್ನೂ ಬೆವರಿನಿಂದ ತೋಯಿಸಿ, ಅದರ ಬೆನ್ನಿಗೇ ಹಲ್ಲು ಕಟಕಟಿಸುವಂಥ ಚಳಿಯನ್ನು ಬಿಟ್ಟುಹೋಯಿತು. ಎಚ್ಚರಗೊಂಡ ನನ್ನ ಪತ್ನಿ ಹಣೆಯನ್ನು ಮುಟ್ಟಿ ನೋಡಿ, ದೀಪವನ್ನೂ ಹಾಕದೆ, ಗಾಬರಿಯನ್ನೂ ಪಡದೆ, "ಇದು ಜ್ವರವಲ್ಲ, ನನಗೆ ಗೊತ್ತು" ಎಂದಳು.

ಪ್ರಾಸ್ಟೇಟ್ ಎಂಬ ಗ್ರಂಥಿಯಲ್ಲಿ ಅರ್ಬುದರೋಗ ಕಾಣಿಸಿಕೊಂಡುದರಿಂದ, ವಿಕಿರಣ ಚಿಕಿತ್ಸೆಯ ಜೊತೆಗೆ, ಮೂರು ತಿಂಗಳಿಗೊಮ್ಮೆ ಹಾರ್ಮೋನು ಚಿಕಿತ್ಸೆಯ ಚುಚ್ಚುಮದ್ದನ್ನು ನಾನು ಪಡೆಯುತ್ತಿದ್ದೇನೆ. ಈ ರೋಗದ ಜೀವಕೋಶಗಳು ಟೆಸ್ಟೋಸ್ಟೀರೋನ್ ಎಂಬ ಪುರುಷ ಹಾರ್ಮೋನಿನ ಆಸರೆಯಿಂದ ಬೆಳೆಯತಕ್ಕವೆಂದೂ, ಆ ಆಸರೆಯನ್ನು ಕಡಿದರೆ ಅವು ಕುಗ್ಗುವುವೆಂದೂ ಷಿಕಾಗೋ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವೂ ಸಂದಿತು. ಅವರ ಕಾಲದಲ್ಲಿ ಬಹುಮಟ್ಟಿಗೆ ಶಸ್ತ್ರದಿಂದ ಆಗುತ್ತಿದ್ದ ಕಾರ್ಯವನ್ನು ಈಗ ಮದ್ದು ಮಾಡುತ್ತದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವು, ತಡೆದು ತಡೆದು ಬಾಗಿಲು ತಟ್ಟುವವನಂತೆ, ಪಿಟ್ಯುಟರಿ ಗ್ರಂಥಿಗೆ ಸಂದೇಶವನ್ನು ಕಳುಹಿಸುತ್ತಿರುತ್ತದೆ. ಚುಚ್ಚುಮದ್ದಾದರೋ ಬಿಡುವಿಲ್ಲದೆ, ಹಗಲೂ ರಾತ್ರಿಯೂ ಅದೇ ಬಾಗಿಲನ್ನು ತಟ್ಟತೊಡಗಿ, ಮೊದಲ ಕೆಲವು ದಿನ ಒಳಗಿನವರನ್ನು ಗಡಿಬಿಡಿಗೊಳಿಸಿದರೂ, ಕಡೆಗೆ ಅವರು ಕಿವಿಗೊಡುವುದನ್ನೇ ಬಿಟ್ಟುಬಿಡುವಂತೆ ಮಾಡುತ್ತದೆ, ಹಾಗೆ ಟೆಸ್ಟೋಸ್ಟೀರೋನಿನ ಉತ್ಪತ್ತಿಯೂ ಇಳಿಯುತ್ತದೆ. ಆ ಗಡಿಬಿಡಿಯ ದಿನಗಳಲ್ಲಿ ರೋಗ ಕೆರಳದಿರಲೆಂದೇ ಮೊದಮೊದಲು ಕೆಲವು ವಾರ ಆ ಹಾರ್ಮೋನನ್ನು ತಡೆಯುವ ಮಾತ್ರೆಯನ್ನೂ ಕೊಡುವುದು ವಾಡಿಕೆ.

ಹಾರ್ಮೋನು ಇಳಿದಾಗ, ದೇಹದ ಉಷ್ಣವನ್ನು ಕಾಯುವ ಅದೇ ಹೈಪೊಥಲಾಮಸ್ಸಿನ ಸೈರಣೆಯೂ ಕುಗ್ಗುತ್ತದೆ. ಹಿಂದೆ ಗಮನಕ್ಕೇ ಬಾರದಿದ್ದ ಒಂದಿಷ್ಟು ಬಿಸಿಯನ್ನು ಅದು ಈಗ ಮಹೋಷ್ಣವೆಂದು ಬಗೆದು, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆವರನ್ನು ಹರಿಸಿಬಿಡುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಸ್ತ್ರೀಯರನ್ನು ಕಾಡುವ ಬಿಸಿಯುಬ್ಬರವೂ ಇದೇ.

ಆ ರಾತ್ರಿ ನನ್ನ ಪತ್ನಿ ಹೇಳಿದ ಸಂಗತಿಯನ್ನು ನಾನು ಇಲ್ಲಿ ಹೇಳಲೇಬೇಕು. ಇಪ್ಪತ್ತು ವರ್ಷಗಳ ಕೆಳಗೆ, ಹೆಚ್ಚುಕಡಿಮೆ ನಾಲ್ಕು ವರ್ಷಗಳ ಕಾಲ, ಇಂಥ ಕಾವು ಏರಿದಾಗಲೆಲ್ಲ ಅವಳು ನನ್ನನ್ನು ಎಬ್ಬಿಸಬಾರದೆಂದು ಮೆಲ್ಲನೆದ್ದು, ಹಿತ್ತಿಲ ಬಾಗಿಲನ್ನು ತೆರೆದು, ಬಾವಿಯ ಬಳಿಯ ಮೆಟ್ಟಿಲಿನ ತಣ್ಣನೆಯ ಕಲ್ಲಿನ ಮೇಲೆ ಒಬ್ಬಳೇ ಕುಳಿತಿರುತ್ತಿದ್ದಳಂತೆ. ಒಂದೇ ಸೂರಿನ ಕೆಳಗೆ, ಒಂದೇ ಕೋಣೆಯಲ್ಲಿ ಇದ್ದ ನನಗೆ ಅದು ತಿಳಿಯಲಿಲ್ಲ. ತಿಳಿಯಲಿಲ್ಲವೆನ್ನುವುದಕ್ಕಿಂತ, ನಾನು ಕೇಳಲಿಲ್ಲವೆನ್ನುವುದೇ ಸತ್ಯ. ಅವಳು ಹೇಳಲಿಲ್ಲ, ಹೇಳತಕ್ಕ ಮಾತೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಹಾರ್ಮೋನು ಚಿಕಿತ್ಸೆಯ ಕಷ್ಟವೆಲ್ಲವೂ ಈ ಹೇಳದಿರುವಿಕೆಯಲ್ಲಿ ಇಮ್ಮಡಿಸುತ್ತದೆಂದು ನನ್ನ ನಂಬುಗೆ. ಕೀಮೋಥೆರಪಿಯಲ್ಲಿ ಅನೇಕರಿಗೆ ಕೂದಲು ಉದುರುತ್ತದೆ. ನೋಡಿದವರು ಮರುಗುತ್ತಾರೆ, ಮನೆಯವರು ಕೆಲಸ ಹೇಳರು. ಇದರಲ್ಲಾದರೋ ಹೊರಗಣ್ಣಿಗೆ ಏನೂ ಕಾಣದು. "ಮಾತ್ರೆ ತಾನೇ, ನುಂಗಿಬಿಡಿ", "ಮೂರು ತಿಂಗಳಿಗೊಂದು ಸೂಜಿ ಅಷ್ಟೇ" ಎಂಬ ಮಾತನ್ನು ಪ್ರೀತಿಯಿಂದಲೇ ಆಡುವ ಬಂಧುಗಳು ನಮ್ಮ ಸುತ್ತ ಇದ್ದಾರೆ. ಒಳಗಾದರೋ ತೋಳುತೊಡೆಗಳ ಮಾಂಸಖಂಡ ಸೊರಗುತ್ತದೆ, ಸೊಂಟದ ಸುತ್ತ ಬೊಜ್ಜು ಕೂಡುತ್ತದೆ, ಮೂಳೆ ಸವೆಯುತ್ತದೆ, ಮಧ್ಯಾಹ್ನಕ್ಕೇ ಮೈ ನೆಲ ಹಿಡಿಯುತ್ತದೆ, ಸಕ್ಕರೆಯ ಕಾಯಿಲೆಯೂ ಹೃದ್ರೋಗವೂ ಹೊಂಚುಹಾಕುತ್ತವೆ. ಕಾರಣವಿಲ್ಲದೆ ಕಣ್ಣು ತುಂಬಿಬರುತ್ತದೆ. ಮೊಮ್ಮಗಳು ಶಾಲೆಗೆ ಹೊರಟುನಿಂತಾಗ ನಾನು ಅತ್ತದ್ದುಂಟು. ದಾಂಪತ್ಯದ ಸುಖದ ಬಯಕೆ, ಎಣ್ಣೆ ತೀರಿದ ದೀಪದಂತೆ, ಸದ್ದಿಲ್ಲದೆ ಆರುತ್ತದೆ. ಇಂಥದನ್ನು ಆಕಾಶವಾಣಿಯಲ್ಲಿ, ಅದೂ ಪ್ರಾತಃಕಾಲದಲ್ಲಿ, ಆಡಬಹುದೇ ಎಂದು ನಾನು ಬಹಳ ಯೋಚಿಸಿದೆ. ಕೇಳುತ್ತಿರುವವರಲ್ಲಿ ಒಬ್ಬನಾದರೂ, ತನ್ನ ಪೌರುಷವೇ ಅಳಿದುಹೋಯಿತೆಂದು ಗೋಡೆಯತ್ತ ಮುಖಮಾಡಿ ಮಲಗಿದ್ದರೆ, ಅವನಿಗೆ ಇದು ಮದ್ದಿನ ಪರಿಣಾಮವೇ ಹೊರತು ಅವನ ಲೋಪವಲ್ಲವೆಂದು ತಿಳಿಯಬೇಕು.

ಸ್ತನದ ಅರ್ಬುದಕ್ಕೆ ಹಾರ್ಮೋನು ಚಿಕಿತ್ಸೆ ಪಡೆಯುವ ಸ್ತ್ರೀಯರ ಪಾಡು ಇದಕ್ಕಿಂತ ದೀರ್ಘವಾದುದು. 1895ರಲ್ಲಿ ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಅಂಡಾಶಯಗಳನ್ನು ತೆಗೆದು ಈ ರೋಗವನ್ನು ಹಿಮ್ಮೆಟ್ಟಿಸಲೆತ್ನಿಸಿದ ದಿನದಿಂದ ಇಂದಿನ ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ಮಾತ್ರೆಗಳವರೆಗೆ ವೈದ್ಯಶಾಸ್ತ್ರ ಬಹುದೂರ ಸಾಗಿದೆ. ಆದರೆ ಆ ಮಾತ್ರೆಯನ್ನು ಪ್ರತಿದಿನವೂ, ಐದು ವರ್ಷ, ಕೆಲವರು ಹತ್ತು ವರ್ಷ, ತಪ್ಪದೆ ನುಂಗಬೇಕು. ನಮ್ಮ ನೆಂಟರಲ್ಲಿ ಒಬ್ಬಾಕೆ, ಬೆಳಗ್ಗೆ ಎದ್ದೊಡನೆ ಬೆರಳು ಮಡಿಸಲಾಗದೆ, ರೊಟ್ಟಿಯ ಹಿಟ್ಟನ್ನು ನಾದಲಾಗದೆ, ಮಾತ್ರೆಯನ್ನು ಗುಟ್ಟಾಗಿ ನಿಲ್ಲಿಸಿಬಿಟ್ಟಿದ್ದರು. ಮಗನಿಗೂ ಹೇಳಲಿಲ್ಲ, ಬದುಕಿಸಿದವರ ಮೇಲೆ ದೂರು ಹೇಳಿದಂತಾದೀತೆಂದು ವೈದ್ಯರಿಗೂ ಹೇಳಲಿಲ್ಲ. ತಿಂಗಳುಗಳ ಮೇಲೆ ಸಂಗತಿ ಬಯಲಾದಾಗ ವೈದ್ಯರು ಗದರಲಿಲ್ಲ. ಅದೇ ವರ್ಗದ ಬೇರೊಂದು ಮಾತ್ರೆಯನ್ನು ಬರೆದುಕೊಟ್ಟರು, ದಿನವೂ ನಡೆಯಹೇಳಿದರು. ನೋವು ಪೂರ್ತಿ ಹೋಗಲಿಲ್ಲ, ಸಹಿಸುವಷ್ಟಕ್ಕೆ ಇಳಿಯಿತು. ಅಷ್ಟಕ್ಕಾಗಿ ಆಕೆ ಅಷ್ಟು ತಿಂಗಳು ರೋಗಕ್ಕೆ ಬಾಗಿಲು ತೆರೆದಿಟ್ಟಿದ್ದರಲ್ಲಾ ಎಂದು ನೆನೆದಾಗ ನನ್ನ ಮನಸ್ಸು ಇಂದಿಗೂ ಕಳವಳಿಸುತ್ತದೆ.

ಉಪಾಯಗಳು ಇಲ್ಲದಿಲ್ಲ. ನಾನು ಉಣ್ಣೆಯ ಅಂಗಿಯನ್ನು ಬಿಟ್ಟು, ಬೇಕಾದಾಗ ಒಂದೊಂದಾಗಿ ಕಳಚಬಹುದಾದ ತೆಳುವಾದ ಹತ್ತಿಯ ವಸ್ತ್ರಗಳನ್ನು ತೊಡುತ್ತೇನೆ. ಕುದಿಯುವ ಕಾಫಿಯೂ ಖಾರದ ಸಾರೂ ಕಾವನ್ನು ಕರೆಯುವುವೆಂದು ಕಂಡುಕೊಂಡ ಮೇಲೆ ಎರಡನ್ನೂ ತಣಿಸಿ ಸೇವಿಸುತ್ತೇನೆ. ಹಾಸಿಗೆಯ ಪಕ್ಕದಲ್ಲಿ ಒದ್ದೆಯ ವಸ್ತ್ರವೂ ಬೀಸಣಿಗೆಯೂ ಇರುತ್ತವೆ. ಇವಕ್ಕೆ ಬಗ್ಗದ ಬಿಸಿಯುಬ್ಬರವನ್ನು ತಗ್ಗಿಸುವ ಔಷಧಗಳೂ ವೈದ್ಯರಲ್ಲಿ ಉಂಟು, ಆದರೆ ಅವನ್ನು ಅವರೇ ಆರಿಸಬೇಕು. ಹಿತೈಷಿಯೊಬ್ಬರು ಬಲ ಬರಲೆಂದು ತಂದುಕೊಟ್ಟ ಲೇಹ್ಯವನ್ನು ನಾನು ತೆರೆಯದೆ ವೈದ್ಯರ ಮುಂದಿಟ್ಟೆ: ಪುರುಷತ್ವವನ್ನು ಹೆಚ್ಚಿಸುವುದೆಂದು ಹೊಗಳಲ್ಪಟ್ಟ ವಸ್ತುವು, ಚುಚ್ಚುಮದ್ದು ಯಾವುದನ್ನು ಇಳಿಸಲು ಹೆಣಗುತ್ತಿದೆಯೋ ಅದನ್ನೇ ಏರಿಸಿದರೆ ಗತಿಯೇನು?

ಎಲ್ಲಕ್ಕಿಂತ ನನಗೆ ನೆರವಾದುದು ವ್ಯಾಯಾಮ. ಬಳಲಿದವನಿಗೆ ವಿಶ್ರಾಂತಿಯೇ ಮದ್ದೆಂದು ನಾನು ಜೀವಮಾನವೆಲ್ಲ ನಂಬಿದ್ದೆ. ಈ ಬಳಲಿಕೆಯ ಸ್ವಭಾವವೇ ಬೇರೆ, ಮಲಗಿದಷ್ಟೂ ಅದು ಬೆಳೆಯುತ್ತದೆ, ನಡೆದರೆ ಕರಗುತ್ತದೆ. ಕೇವಲ ನಡಿಗೆಯೂ ಸಾಲದು, ಮಾಂಸಖಂಡವೂ ಮೂಳೆಯೂ ಉಳಿಯಬೇಕಾದರೆ ಭಾರವನ್ನು ಎತ್ತಬೇಕೆಂದು ವೈದ್ಯರು ಹೇಳಿದುದರಿಂದ, ಮನೆಯಲ್ಲಿದ್ದ ಎರಡು ತಂಬಿಗೆಗಳಿಗೆ ನೀರು ತುಂಬಿ ಎತ್ತಲಾರಂಭಿಸಿದೆ. ಕುರ್ಚಿಯಿಂದ ಕೈಯೂರದೆ ಏಳುವುದು ಮೊದಲ ವಾರ ಮೂರು ಬಾರಿ ಸಾಧ್ಯವಾಗಿತ್ತು, ಈಗ ಹದಿನೈದು ಬಾರಿ. ಮೂಳೆಯ ಸಾಂದ್ರತೆಯನ್ನು ಅಳೆಯುವ ಪರೀಕ್ಷೆಯೂ, ರಕ್ತದಲ್ಲಿನ ಸಕ್ಕರೆಯ ಲೆಕ್ಕವೂ, ವಿಟಮಿನ್ ಡಿ ಎಷ್ಟಿದೆಯೆಂಬ ತಿಳಿವೂ ಬೇಕು. ರಾಗಿಮುದ್ದೆಯನ್ನು ಉಂಡು ಬೆಳೆದವರು ಮೂಳೆಗೆ ಬೇಕಾದ ಸುಣ್ಣದ ಅಂಶಕ್ಕೆ, ಎಂದರೆ ಕ್ಯಾಲ್ಸಿಯಮ್ಮಿಗೆ, ದೂರ ಹುಡುಕಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಅದು ಇದೆ.

ಈಗ ಕಾವೇರಿದ ರಾತ್ರಿಗಳಲ್ಲಿ ನಾವಿಬ್ಬರೂ ಹಿತ್ತಿಲ ಆ ಕಲ್ಲಿನ ಮೇಲೆ ಹೋಗಿ ಕುಳಿತುಕೊಳ್ಳುತ್ತೇವೆ. ಒಂದು ಪುಸ್ತಕದಲ್ಲಿ ಬಿಸಿಯುಬ್ಬರದ ವೇಳೆ, ನಿದ್ರೆ, ನೋವು, ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ, ಎಲ್ಲವನ್ನೂ ನಾನು ಬರೆದಿಡುತ್ತಿದ್ದೇನೆ. ಮುಂದಿನ ಚುಚ್ಚುಮದ್ದಿಗೆ ಇನ್ನು ಒಂಬತ್ತು ದಿನವಿದೆ. ಒಂದು ಪ್ರಶ್ನೆಯನ್ನು ಬರೆಯಹೊರಟು, ಎರಡು ಬಾರಿ ಹೊಡೆದುಹಾಕಿ, ನಾನು ಹಾಳೆಯನ್ನು ಮಗುಚಿದ್ದೆ. ನಿನ್ನೆ ತೆರೆದು ನೋಡಿದರೆ, ಹೊಡೆದುಹಾಕಿದ ಗೆರೆಗಳ ಕೆಳಗೆ, ಅದೇ ಪ್ರಶ್ನೆ, ನನ್ನ ಪತ್ನಿಯ ದುಂಡನೆಯ ಅಕ್ಷರಗಳಲ್ಲಿ ಪೂರ್ತಿಯಾಗಿತ್ತು.