ಹಲ್ಲು ಜುಮ್ಮೆನ್ನುವುದೇಕೆ?
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಓದಿನ ಸಭೆಯಲ್ಲಿ ಹಲ್ಲಿನ ಮಾತೇಕೆ ಎನ್ನಬೇಡಿ. ಹಲ್ಲು ನೋಯುವ ಮಗು ತರಗತಿಯಲ್ಲಿ ಕೂತಿರುತ್ತದೆ, ಪಾಠ ಕಿವಿಗೆ ಬೀಳುವುದಿಲ್ಲ. ಇನ್ನು ತಾಯಂದಿರು ಬಾಯಿಯ ಒಂದೇ ಪಕ್ಕದಲ್ಲಿ ಅಗಿಯುತ್ತಾ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಮಕ್ಕಳ ಫೀಸು ಮೊದಲು, ನನ್ನ ಹಲ್ಲಿಗೇನು ಅವಸರ ಎನ್ನುತ್ತಾರೆ.

ಹಲ್ಲಿನ ಹೊರಗೆ ಎನಾಮೆಲ್ ಎಂಬ ಹೊದಿಕೆಯಿದೆ. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಆದರೆ ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಒಳಗಿನ ಡೆಂಟಿನ್ ಪದರದಲ್ಲಿ ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳು, ಅವುಗಳಲ್ಲಿ ದ್ರವ. ಹೊದಿಕೆ ಸವೆದರೆ, ಇಲ್ಲವೇ ಒಸಡು ಹಿಂದೆ ಸರಿದು ಬೇರು ಬಯಲಾದರೆ, ತಣ್ಣೀರು ತಗಲಿದೊಡನೆ ಆ ದ್ರವ ಅಲುಗಿ ನರವನ್ನು ಕೆಣಕುತ್ತದೆ. ಅದೇ ಜುಮ್ಮೆನ್ನುವುದು.

ಸವೆಯುವುದು ಬಹುಮಟ್ಟಿಗೆ ನಮ್ಮ ಕೈಯಿಂದಲೇ. ಪಾತ್ರೆ ತಿಕ್ಕುವ ಹಾಗೆ ಹಲ್ಲು ತಿಕ್ಕುತ್ತೇವೆ. ಇದ್ದಿಲು, ಇಟ್ಟಿಗೆ ಪುಡಿ ಉಜ್ಜುವವರು ಇನ್ನೂ ಇದ್ದಾರೆ. ಗುಟ್ಕಾದ ವಿಷಯಕ್ಕೆ ಬೇರೆ ಸಭೆಯೇ ಬೇಕು! ಮಿಸ್ವಾಕ್ ಬಳಸುವವರು ತುದಿಯನ್ನು ನೆನೆಸಿ ಮೆತ್ತಗೆ ಮಾಡಿಕೊಳ್ಳಿ, ಒಸಡಿಗೆ ಒತ್ತಬೇಡಿ. ನಿಂಬೆ ಶರಬತ್ತು, ಕೋಲಾ ಕುಡಿದ ತಕ್ಷಣ ಬ್ರಷ್ ಮಾಡಬಾರದು; ಹುಳಿ ತಗಲಿ ಮೆದುವಾದ ಎನಾಮೆಲ್ ಬೇಗ ಸವೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಡಿ.

ಮೃದುವಾದ ಬ್ರಷ್ ತನ್ನಿ. ಜುಮ್ಮೆನ್ನುವ ಹಲ್ಲಿಗೆಂದೇ ಪೇಸ್ಟ್ ಸಿಗುತ್ತದೆ, ಅಂಥ ಹಲವದರಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇರುತ್ತದೆ. ಮಕ್ಕಳೇ, ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ಅಮ್ಮನಿಗೆ ಓದಿ ಹೇಳುವುದು ನಿಮ್ಮ ಕೆಲಸ. ದಿನಕ್ಕೆ 2 ಸಲ, ಒತ್ತದೆ ಉಜ್ಜಬೇಕು. ಗುಣ ಕಾಣಲು 2ರಿಂದ 4 ವಾರ ಬೇಕು. ಎರಡು ದಿನ ಹಚ್ಚಿ ದುಡ್ಡು ದಂಡವಾಯಿತು ಎಂದು ಬಿಡುವವರೇ ಹೆಚ್ಚು.

ಆದರೆ ಎಲ್ಲ ನೋವೂ ಪೇಸ್ಟಿನಿಂದ ಹೋಗುವುದಲ್ಲ. ತಣ್ಣೀರು ನುಂಗಿದ ಮೇಲೂ ನೋವು ನಿಮಿಷಗಟ್ಟಲೆ ನಿಂತರೆ, ಬಿಸಿ ಚಹಾ ತಾಗಿದರೆ ನೊಂದರೆ, ಅಗಿದಾಗ ಚುಚ್ಚಿದರೆ, ರಾತ್ರಿ ನಿದ್ದೆ ಕೆಡಿಸಿದರೆ ಅದು ಹುಳುಕೋ ಬಿರುಕೋ ಇರಬಹುದು. ಲವಂಗದ ಎಣ್ಣೆ ಅದನ್ನು ಮರೆಸುತ್ತದೆ, ವಾಸಿ ಮಾಡುವುದಿಲ್ಲ. ತಾಲ್ಲೂಕು ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರಿಗೆ ತೋರಿಸಿ. ಇಂದು ಸಣ್ಣ ಫಿಲ್ಲಿಂಗಿನಲ್ಲಿ ಮುಗಿಯುವುದು, ಬಿಟ್ಟರೆ ರೂಟ್ ಕೆನಾಲ್‌ಗೆ ಹೋಗುತ್ತದೆ, ಖರ್ಚೂ ಅಷ್ಟೇ ಏರುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆ ಪೇಸ್ಟನ್ನು ವೈದ್ಯರನ್ನು ಕೇಳದೆ ಕೊಡಬೇಡಿ.