ಸೋರುವ ಏರಿ, ಒಡೆಯುವ ಏರಿ
(ಮಠದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಜೀವಮಾನವಿಡೀ ಕೆರೆ, ಕಾಲುವೆ, ಏರಿಗಳ ಲೆಕ್ಕ ಬರೆದು ನಿವೃತ್ತನಾದವನಿಗೆ ಭಯೋತ್ಪಾದನೆಯ ವಿಷಯ ಯಾಕೆ ಎಂದು ನೀವು ಕೇಳಬಹುದು. ಆಹ್ವಾನ ಪತ್ರಿಕೆ ನೋಡಿ ನಮ್ಮ ಮನೆಯವರೂ ಅದನ್ನೇ ಕೇಳಿದರು. ಕಾರಣ ಎರಡು. ಒಂದು, ನನ್ನನ್ನು ಚುಚ್ಚಿದ ಒಂದು ಪುಸ್ತಕ. ಇನ್ನೊಂದು, ನಾನು ಹಾಕಿದ ಒಂದು ಸಹಿ. ಸಹಿಯ ವಿಷಯ ಆಮೇಲೆ ಹೇಳುತ್ತೇನೆ.

ಪುಸ್ತಕ 2016ರಲ್ಲಿ ಬಂದದ್ದು. ಡಿಯಾಗೊ ಗ್ಯಾಂಬೆಟ್ಟಾ ಮತ್ತು ಸ್ಟೆಫೆನ್ ಹೆರ್ಟೋಗ್ ಎಂಬ ಇಬ್ಬರು ಸಮಾಜ ವಿಜ್ಞಾನಿಗಳು ಬರೆದದ್ದು. ಹೆಸರೇ ‘ಎಂಜಿನಿಯರ್ಸ್ ಆಫ್ ಜಿಹಾದ್’. ಮುಸ್ಲಿಂ ದೇಶಗಳ ಹಿಂಸಾವಾದಿ ಗುಂಪುಗಳಲ್ಲಿದ್ದವರ ಪೈಕಿ ಕಾಲೇಜು ಮೆಟ್ಟಿಲು ಹತ್ತಿದವರು ಏನು ಓದಿದ್ದರು ಎಂದು ಇವರು ಹುಡುಕಿದರು. ಓದಿದ ವಿಷಯ ತಿಳಿದುಬಂದವರಲ್ಲಿ ನೂರಕ್ಕೆ ಸುಮಾರು 45 ಮಂದಿ ಎಂಜಿನಿಯರಿಂಗ್ ಓದಿದವರು! ಆ ದೇಶಗಳ ಪದವೀಧರರಲ್ಲಿ ಎಂಜಿನಿಯರುಗಳ ಪಾಲು ಇದಕ್ಕಿಂತ ಎಷ್ಟೋ ಕಡಿಮೆ. 2001ರ ಸೆಪ್ಟೆಂಬರ್ 11ರ ದಾಳಿಯ ಸಂಚು ಹೂಡಿದ ಖಾಲಿದ್ ಶೇಖ್ ಮೊಹಮ್ಮದ್ ಅಮೆರಿಕದಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು.

ಬಡತನ, ಅನಕ್ಷರತೆಯೇ ಎಲ್ಲಕ್ಕೂ ಮೂಲ ಎನ್ನುವ ಮಾತನ್ನು ಅರ್ಥಶಾಸ್ತ್ರಜ್ಞ ಆಲನ್ ಕ್ರೂಗರ್ ಅವರು ಮೊದಲೇ ಅಲುಗಾಡಿಸಿದ್ದರು. ಈ ಇಬ್ಬರು ಮುಂದೆ ಹೋಗಿ ಎರಡು ಕಾರಣ ಹೇಳುತ್ತಾರೆ. ಈಜಿಪ್ಟಿನಂಥ ದೇಶಗಳಲ್ಲಿ ದೊಡ್ಡ ಆಸೆ ಹೊತ್ತು ಓದಿದವರಿಗೆ ತಕ್ಕ ಕೆಲಸ ಸಿಗಲಿಲ್ಲ. ಕೆಲಸ ಧಾರಾಳವಾಗಿದ್ದ ಸೌದಿ ಅರೇಬಿಯಾದಲ್ಲಿ ಎಂಜಿನಿಯರುಗಳ ಪಾಲು ಹೀಗೆ ಉಬ್ಬಲಿಲ್ಲ. ಎರಡನೆಯದು, ಪ್ರತಿಯೊಂದಕ್ಕೂ ಒಂದೇ ಖಚಿತ ಉತ್ತರ ಇರಬೇಕು ಎನ್ನುವ ಮನಸ್ಸು. ಇದನ್ನು ಓದಿದಾಗ ನನ್ನ ಕೆಲವು ಸಹೋದ್ಯೋಗಿಗಳ ಮುಖ ಕಣ್ಣ ಮುಂದೆ ಬಂದು ನಗು ಬಂತು. ಆಮೇಲೆ ನನ್ನ ಮುಖವೂ ಬಂತು.

ಇಷ್ಟು ತಿಳಿದ ಮೇಲೆ ಸರ್ಕಾರ ಏನು ಮಾಡಬೇಕು? ‘ಆ ಸಮುದಾಯದ ಎಂಜಿನಿಯರಿಂಗ್ ಹುಡುಗರ ಮೇಲೆ ಕಣ್ಣಿಡಿ’ ಎಂದು ಯಾರಿಗಾದರೂ ಮೊದಲು ಹೊಳೆಯುತ್ತದೆ. ಲೆಕ್ಕ ತಲೆಕೆಳಗಾಗುವುದು ಇಲ್ಲಿಯೇ.

ನಮ್ಮ ಕೆಲಸದ ಉದಾಹರಣೆ ಕೊಡುತ್ತೇನೆ. ಒಳಗಿಂದ ಕೊರೆದು ಒಡೆದ ಕೆರೆ ಏರಿಗಳನ್ನು ನೋಡಿದರೆ ಅಲ್ಲೆಲ್ಲ ಮೊದಲು ನೀರು ಸೋರಿರುತ್ತದೆ. ಆದರೆ ಮಣ್ಣಿನ ಏರಿ ಎಂದ ಮೇಲೆ ಅಷ್ಟಿಷ್ಟು ಸೋರಿಯೇ ಸೋರುತ್ತದೆ. ಸೋರುವ ಏರಿಗಳೆಲ್ಲ ಒಡೆಯುವುದಿಲ್ಲ. ಸೋರುತ್ತದೆ ಎಂದು ಎಲ್ಲ ಏರಿಗಳನ್ನೂ ಅಗೆಯಲು ಹೊರಟರೆ ಗಟ್ಟಿ ಏರಿಗಳೂ ಹಾಳಾಗುತ್ತವೆ. ನಾವು ನೋಡುವುದು ಬೇರೆ: ನೀರು ತಿಳಿಯಾಗಿ, ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಅಳತೆ ಬರೆದಿಡುತ್ತೇವೆ. ಬಗ್ಗಡವಾಗಿ ಮಣ್ಣು ಹೊತ್ತು ಬಂತೋ, ರಾತ್ರೋರಾತ್ರಿ ಮರಳು, ಜಲ್ಲಿ ಹೇರಿಕೊಂಡು ಓಡುತ್ತೇವೆ.

ಬರಿಯ ಉದಾಹರಣೆಗೆ ಒಂದು ಲೆಕ್ಕ. 10 ಲಕ್ಷ ಯುವಕರಲ್ಲಿ 10 ಮಂದಿ ಅಪಾಯಕಾರಿಗಳು ಅಂದುಕೊಳ್ಳಿ. ನೂರಕ್ಕೆ 99 ಸಲ ಸರಿಯಾಗಿ ಹೇಳುವ ಪರೀಕ್ಷೆಯೊಂದು ನಮ್ಮ ಬಳಿ ಇದೆ. ಅಂಥ ಪರೀಕ್ಷೆ ಲೋಕದಲ್ಲೇ ಇಲ್ಲ, ಇರಲಿ. ಆ 10 ಮಂದಿಯೂ ಸಿಕ್ಕಿಬಿದ್ದರು ಎನ್ನೋಣ. ಅವರ ಜೊತೆ ಸುಮಾರು 10,000 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಠಾಣೆಯ ಸಾಹೇಬರು ಯಾರ ಹಿಂದೆ ಓಡಬೇಕು?

ಹಾಗಾದರೆ ಬಗ್ಗಡ ಯಾರಿಗೆ ಕಾಣುತ್ತದೆ? ಇದಕ್ಕೂ ಸಂಶೋಧನೆ ಇದೆ. ಪಾಲ್ ಗಿಲ್ ಮತ್ತು ಸಂಗಡಿಗರು ಒಂಟಿಯಾಗಿ ದಾಳಿಗೆ ಇಳಿದ 119 ಮಂದಿಯ ಬದುಕನ್ನು ಜಾಲಾಡಿ 2014ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು 64 ಪ್ರಕರಣಗಳಲ್ಲಿ ಮನೆಯವರಿಗೋ ಗೆಳೆಯರಿಗೋ ಆತನ ಉದ್ದೇಶ ಮೊದಲೇ ಗೊತ್ತಿತ್ತು. ಆತನೇ ಬಾಯಿಬಿಟ್ಟು ಹೇಳಿದ್ದ. ಅಂದರೆ ಏರಿಯ ಕೆಳಗೆ ಮೊದಲು ನಿಂತು ನೋಡುವವರು ತಾಯಿ, ತಮ್ಮ, ರೂಮಿನ ಜೊತೆಗಾರ. ಪೊಲೀಸರಲ್ಲ. ಅವರು ಬಂದು ಹೇಳಿದರೆ ತಡೆಯಬಹುದು. ಬರುತ್ತಾರೆಯೇ ಎನ್ನುವುದು ನಾವು ಅವರನ್ನು ಹೇಗೆ ನಡೆಸಿಕೊಂಡಿದ್ದೇವೆ ಎನ್ನುವುದರ ಮೇಲೆ ನಿಂತಿದೆ.

ನಮ್ಮ ನಾಡಿಗೇ ಸೇರಿದ ಪ್ರಕರಣ ಹೇಳುತ್ತೇನೆ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಗ್ಯಾಸ್ ಸಿಲಿಂಡರ್ ತುಂಬಿದ ಜೀಪು ನುಗ್ಗಿತು. ಅದರಲ್ಲಿದ್ದ ಇಬ್ಬರಲ್ಲಿ ಒಬ್ಬ ಬೆಂಗಳೂರಿನ ಕಫೀಲ್ ಅಹ್ಮದ್, ಎಂಜಿನಿಯರ್. ಎರಡು ದಿನಗಳ ಮೇಲೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವನ ದೂರದ ಸಂಬಂಧಿ, ನಮ್ಮವರೇ ಆದ ವೈದ್ಯ ಡಾ. ಮೊಹಮ್ಮದ್ ಹನೀಫ್ ಅವರನ್ನು ಹಿಡಿದರು. ತಪ್ಪೇನು? ಇಂಗ್ಲೆಂಡ್ ಬಿಡುವಾಗ ಕಫೀಲನ ತಮ್ಮನಿಗೆ ತಮ್ಮ ಸಿಮ್ ಕಾರ್ಡ್ ಕೊಟ್ಟು ಬಂದಿದ್ದರು. ಊರಿಗೆ ಹೊರಟದ್ದು ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು. ಹೊರಡುವ ಮುನ್ನ, ಸಿಮ್ ಬಗ್ಗೆ ವಿಚಾರಿಸುತ್ತಿದ್ದ ಬ್ರಿಟಿಷ್ ಪೊಲೀಸ್ ಅಧಿಕಾರಿಗೆ ಅವರೇ ಮತ್ತೆ ಮತ್ತೆ ಫೋನ್ ಮಾಡಿದ್ದರು. ಆ ಕಡೆ ಯಾರೂ ಸಿಗಲಿಲ್ಲ.

ಆರೋಪ ಹೊರಿಸದೆ 12 ದಿನ ಕೂಡಿಹಾಕಿದರು. ಸಿಮ್ ಸಿಕ್ಕಿದ್ದು ಉರಿದ ಜೀಪಿನಲ್ಲಿ ಎಂದು ನ್ಯಾಯಾಲಯಕ್ಕೆ ಹೇಳಿದರು; ನಿಜವಾಗಿ ಅದು ಇದ್ದದ್ದು ಲಿವರ್‌ಪೂಲಿನಲ್ಲಿ. ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟ ದಿನವೇ ಮಂತ್ರಿಗಳು ವೀಸಾ ರದ್ದು ಮಾಡಿದರು. ಜುಲೈ 27ಕ್ಕೆ ಆರೋಪ ಕೈಬಿಟ್ಟರು. ಮುಂದೆ ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ 2008ರಲ್ಲಿ ಹೊರಬಂದು, ಹನೀಫ್ ಅವರ ಮೇಲೆ ಆರೋಪ ಹೊರಿಸಲು ಆಧಾರವೇ ಇರಲಿಲ್ಲ ಎಂದು ತೀರ್ಮಾನಿಸಿತು. 2010ರಲ್ಲಿ ಪರಿಹಾರವೂ ಬಂತು.

ಗಮನಿಸಿ, ಇದಕ್ಕೆ ಸಂಬಂಧಿಸಿದ ಒಂದು ಸಂಶೋಧನೆಯೂ ಆಗಲೇ ಇತ್ತು. ಮಾರ್ಕ್ ಸೇಜ್‌ಮನ್ ಎಂಬ ಮನೋವೈದ್ಯರು 2004ರ ಪುಸ್ತಕದಲ್ಲಿ, ಈ ಜಾಲಗಳಿಗೆ ಜನ ಸೇರುವುದು ಉಪದೇಶ ಕೇಳಿಯಲ್ಲ, ಗೆಳೆತನ ಮತ್ತು ನೆಂಟಸ್ತನದ ಮೂಲಕ ಎಂದು ತೋರಿಸಿದ್ದರು. ಮಾತು ನಿಜ. ಆದರೆ ನೆಂಟನಾದವನೆಲ್ಲ ಸಂಚುಕೋರ ಎಂದು ಓದಿಕೊಂಡರೆ, ಮೊದಲು ಫೋನ್ ಎತ್ತಿಕೊಳ್ಳುವ ನೆಂಟನನ್ನೇ ಜೈಲಿಗೆ ಹಾಕಿದಂತಾಯಿತು. ಆಸ್ಟ್ರೇಲಿಯಾದವರನ್ನು ಒಂದು ವಿಷಯಕ್ಕೆ ಮೆಚ್ಚಬೇಕು. ತಪ್ಪನ್ನು ಕಡತದಲ್ಲಿ ಮುಚ್ಚಿಡದೆ 2010ರಲ್ಲಿ ಕಾನೂನನ್ನೇ ತಿದ್ದಿದರು. ಬಂಧನದ ಗಡಿಯಾರ ನಿಲ್ಲಿಸಿ ದಿನ ದೂಡುವ ಅವಕಾಶಕ್ಕೆ 7 ದಿನದ ಮಿತಿ ಹಾಕಿದರು.

ಉತ್ತರ ಐರ್ಲೆಂಡಿನ ಕಥೆ ಇದಕ್ಕಿಂತ ಹಳೆಯದು. 1971ರ ಆಗಸ್ಟ್ 9ರಂದು ಹಳೆಯ ಪಟ್ಟಿಗಳನ್ನು ಹಿಡಿದು, ವಿಚಾರಣೆಯಿಲ್ಲದೆ ಒಂದೇ ಬೆಳಗ್ಗೆ 300ಕ್ಕೂ ಹೆಚ್ಚು ಮಂದಿಯನ್ನು ಎಳೆದೊಯ್ದರು. ಮರುವರ್ಷವೇ ಅಲ್ಲಿನ ಮೂವತ್ತು ವರ್ಷಗಳ ಹಿಂಸೆಯಲ್ಲಿ ಅತಿ ಹೆಚ್ಚು ಸಾವು ಕಂಡ ವರ್ಷ. ಗ್ಯಾರಿ ಲಾಫ್ರೀ ಮತ್ತು ಸಂಗಡಿಗರು 2009ರಲ್ಲಿ ಬ್ರಿಟನ್ನಿನ ಆರು ಕ್ರಮಗಳನ್ನು ಪರೀಕ್ಷಿಸಿದಾಗ ಹಿಂಸೆ ಇಳಿಸಿದ್ದಕ್ಕೆ ಆಧಾರ ಕಂಡದ್ದು ಒಂದಕ್ಕೆ ಮಾತ್ರ. ಆ ಒಂದು ಸೈನ್ಯದ ಕಾರ್ಯಾಚರಣೆಯೇ. ಆದ್ದರಿಂದ ಬಲಪ್ರಯೋಗ ಎಂದೂ ಫಲಿಸದು ಎಂದು ನಾನು ಹೇಳಲಾರೆ. ಆದರೆ ಒಟ್ಟಾರೆ ಅವರಿಗೆ ಹೆಚ್ಚು ಕಂಡದ್ದು ತಿರುಗೇಟು.

ಈಗ ಸಹಿಯ ವಿಷಯ. ಕೆಲವು ವರ್ಷಗಳ ಹಿಂದೆ ಟಿ.ವಿ.ಯಲ್ಲಿ ಯಾರದೋ ಬಂಧನದ ಸುದ್ದಿ ಬಂದ ವಾರ ನಮ್ಮ ಬಡಾವಣೆಯ ಹಿರಿಯರು ಸೇರಿ, ಆ ಸಮುದಾಯದ ಬ್ಯಾಚುಲರ್ ಹುಡುಗರಿಗೆ ಬಾಡಿಗೆ ಮನೆ ಕೊಡಬಾರದು ಎಂದು ಒಂದು ಹಾಳೆ ಬರೆದೆವು. ಮೂರನೆಯ ಸಹಿ ನನ್ನದು. ಎದುರು ಮನೆಯ ಮಹಡಿಯಲ್ಲಿ ಒಬ್ಬ ಹುಡುಗ ಇದ್ದ, ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷ. ಸರ್ವೆ ಲೆಕ್ಕ ತಿಳಿಯದಿದ್ದರೆ ನನ್ನ ಹತ್ತಿರ ಬರುತ್ತಿದ್ದ. ಪರೀಕ್ಷೆಗೆ ಹದಿನೈದು ದಿನ ಇರುವಾಗ ರೂಮು ಖಾಲಿ ಮಾಡಿದ. ನನ್ನಿಂದ ಒಯ್ದಿದ್ದ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ತಂದುಕೊಟ್ಟು, ‘ಬರ್ತೀನಿ ಸರ್’ ಅಂದ. ಆ ಹಾಳೆಯಲ್ಲಿ ನನ್ನ ಹೆಸರು ನೋಡಿದ್ದನೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವನ ಓರಗೆಯ ಯಾರಾದರೂ ದಾರಿ ತಪ್ಪುತ್ತಿದ್ದರೆ ಅದು ಮೊದಲು ಗೊತ್ತಾಗುವುದು ಅವನಂಥವನಿಗೆ. ಗೊತ್ತಾದರೆ ಯಾರಿಗೆ ಹೇಳಬೇಕು? ಪೊಲೀಸ್ ಠಾಣೆಗೆ ಹೋಗಲು ಹೆದರುವ ಹುಡುಗ ‘ಸರ್, ಒಂದು ಮಾತು’ ಎಂದು ಬರಬಹುದಾಗಿದ್ದ ಮನೆ ನನ್ನದು.

ಕಳೆದ ತಿಂಗಳು ಆ ಹಾಳೆ ರದ್ದಾಗಬೇಕೆಂದು ಬರೆದುಕೊಟ್ಟಿದ್ದೇನೆ. ಮುಂದಿನ ಸಭೆಗೆ ಇಟ್ಟಿದ್ದಾರೆ. ನಮ್ಮ ಬಡಾವಣೆಯವರು ನಾಲ್ಕೈದು ಮಂದಿ ಇಲ್ಲಿಯೂ ಕಾಣುತ್ತಿದ್ದೀರಿ. ಸಭೆ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ದಯವಿಟ್ಟು ಬನ್ನಿ.