ಉಗಿಯುಗದ ಕನಸು, ಹಿತ್ತಾಳೆಯ ಕೆಲಸ



ಇಂದು ನಾನು ಮಾತನಾಡಬೇಕೆಂದಿರುವ ವಿಷಯದ ಹೆಸರೇ ಕನ್ನಡ ಕಿವಿಗೆ ಹೊಸದು. ಅದನ್ನು ಇಂಗ್ಲಿಷಿನವರು ‘ಸ್ಟೀಮ್‌ಪಂಕ್’ ಎನ್ನುತ್ತಾರೆ. ಸ್ಟೀಮ್ ಎಂದರೆ ಉಗಿ. ಅದು ಎಲ್ಲರಿಗೂ ತಿಳಿದ ಮಾತು. ಪಂಕ್ ಎಂಬುದು ಆ ಭಾಷೆಯಲ್ಲಿ ಪೋಕರಿಗೆ, ರೂಢಿಯನ್ನು ಧಿಕ್ಕರಿಸುವವನಿಗೆ ಇರುವ ಹೆಸರು. ಕನ್ನಡದ ಮೇಷ್ಟರಿಗಾದರೋ ಪಂಕವೆಂದೊಡನೆ ಕೆಸರೂ ಅದರ ಬೆನ್ನಿಗೇ ಪಂಕಜವೂ ನೆನಪಾಗುತ್ತವೆ. ಈ ವಸ್ತುಗಳು ಹುಟ್ಟುವುದು ಗುಜರಿ ಅಂಗಡಿಯ ಕೆಸರಿನಲ್ಲಿಯೇ ಆದ್ದರಿಂದ ನಮ್ಮ ಅರ್ಥವೂ ತೀರ ತಪ್ಪಲ್ಲವೆಂದು ನನ್ನ ಭಾವನೆ.

ಈ ಹೆಸರು ಬಳಕೆಗೆ ಬಂದದ್ದು 1987ರಲ್ಲಿ. ಕೆ. ಡಬ್ಲ್ಯೂ. ಜೆಟರ್ ಎಂಬ ಅಮೆರಿಕದ ಕಾದಂಬರಿಕಾರ ‘ಲೋಕಸ್’ ಎಂಬ ಪತ್ರಿಕೆಗೆ ಬರೆದ ಕಾಗದವೊಂದರಲ್ಲಿ, ತಾನೂ ತನ್ನ ಗೆಳೆಯರಾದ ಟಿಮ್ ಪವರ್ಸ್ ಮತ್ತು ಜೇಮ್ಸ್ ಬ್ಲೇಲಾಕರೂ ಬರೆಯುತ್ತಿದ್ದ ಒಂದು ಬಗೆಯ ಕಥೆಗಳಿಗೆ ಅರ್ಧ ವಿನೋದದಿಂದ ಈ ಹೆಸರನ್ನಿಟ್ಟ. ವಿಕ್ಟೋರಿಯಾ ರಾಣಿಯ ಕಾಲದ ಯಂತ್ರಗಳು ವಿದ್ಯುತ್ತಿಗೂ ಪೆಟ್ರೋಲಿಗೂ ಎಡೆಗೊಡದೆ ಹಾಗೆಯೇ ಬೆಳೆದಿದ್ದರೆ ಲೋಕ ಹೇಗಿರುತ್ತಿತ್ತು ಎಂಬ ಕಲ್ಪನೆ ಆ ಕಥೆಗಳ ಬೀಜ. ಕಥೆಯಲ್ಲಿದ್ದುದು ಕೆಲವೇ ವರ್ಷಗಳಲ್ಲಿ ಕೈಗೆ ಇಳಿಯಿತು. ಹಿತ್ತಾಳೆ, ತಾಮ್ರ, ತೊಗಲು, ತೇಗದ ಮರ, ಗಾಜು ಇವುಗಳಿಂದ ದೀಪ, ಗಡಿಯಾರ, ಕನ್ನಡಕ, ಕಂಪ್ಯೂಟರಿನ ಕೀಲಿಮಣೆ ಮುಂತಾದುವನ್ನು ತಮ್ಮ ಮನೆಯ ಹಿತ್ತಿಲಿನಲ್ಲಿಯೇ ಮಾಡುವ ಕುಶಲಿಗಳು ಹುಟ್ಟಿಕೊಂಡರು. ಜೇಕ್ ಫಾನ್ ಸ್ಲಾಟ್ ಎಂಬ ಹೆಸರಿಟ್ಟುಕೊಂಡ ಅಮೆರಿಕದ ಒಬ್ಬಾತ ಕಂಪ್ಯೂಟರಿನ ಹಳೆಯ ಕೀಲಿಮಣೆಗೆ ಬೆರಳಚ್ಚು ಯಂತ್ರದ ದುಂಡು ಗುಂಡಿಗಳನ್ನೂ ಹಿತ್ತಾಳೆಯ ಚೌಕಟ್ಟನ್ನೂ ಕೂಡಿಸಿ, ಮಾಡಿದ ಬಗೆಯನ್ನು ಹಂತಹಂತವಾಗಿ ಎಲ್ಲರಿಗೂ ತಿಳಿಸಿದ. ಗುಟ್ಟನ್ನು ಬಚ್ಚಿಡದ ಈ ಔದಾರ್ಯ ನನಗೆ ಹಿಡಿಸಿತು. 2009ರ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಇಂಥ ಕೃತಿಗಳ ಪ್ರದರ್ಶನವೇ ನಡೆಯಿತು. ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ 2007ರಿಂದ ಹನ್ನೆರಡು ಮೀಟರ್ ಎತ್ತರದ ಯಂತ್ರದಾನೆಯೊಂದು ಜನರನ್ನು ಹೊತ್ತು, ಸೊಂಡಿಲಿನಿಂದ ನೀರೆರಚುತ್ತ ತಿರುಗಾಡುತ್ತಿದೆ. ಅದು ನಡೆಯುವುದು ಉಗಿಯಿಂದಲ್ಲ, ಇಂದಿನ ಎಂಜಿನಿನಿಂದ. ಆದರೆ ನೋಡುವವರಾರೂ ಅದನ್ನು ದೊಡ್ಡದು ಮಾಡುವುದಿಲ್ಲ.

ನಾಂತಿನಲ್ಲಿಯೇ ಆನೆ ಏಕೆ? 1828ರಲ್ಲಿ ಅಲ್ಲಿ ಹುಟ್ಟಿದ ಜೂಲ್ಸ್ ವರ್ನ್ 1880ರಲ್ಲಿ ‘ಉಗಿಯ ಮನೆ’ ಎಂಬರ್ಥದ ಕಾದಂಬರಿಯೊಂದನ್ನು ಬರೆದ. ಅದರಲ್ಲಿ ಉಕ್ಕಿನ ಆನೆಯೊಂದು ಹೊಗೆಯುಗುಳುತ್ತ ಎರಡು ಗಾಲಿಮನೆಗಳನ್ನು ಎಳೆದುಕೊಂಡು ಕಲಕತ್ತೆಯಿಂದ ಉತ್ತರ ಹಿಂದುಸ್ತಾನವನ್ನೆಲ್ಲ ಸುತ್ತುತ್ತದೆ. ವರ್ನ್ ನಮ್ಮ ದೇಶವನ್ನು ಕಣ್ಣಾರೆ ಕಂಡವನಲ್ಲ. ಆದರೂ ಅವನ ಕನಸಿಗೆ ನೆಲ ಬೇಕಾದಾಗ ಅದು ದೊರೆತದ್ದು ಇಲ್ಲಿ. ಸಂಸ್ಕೃತ ಬಲ್ಲವರಿಗೆ ಇಲ್ಲಿ ಬೇರೊಂದು ಆನೆ ನೆನಪಾದೀತು. ವತ್ಸರಾಜ ಉದಯನನನ್ನು ಸೆರೆಹಿಡಿಯಲು ಶತ್ರುಗಳು ಕಾಡಿನಲ್ಲಿ ನಿಲ್ಲಿಸಿದ, ಹೊಟ್ಟೆಯಲ್ಲಿ ಭಟರನ್ನು ಅಡಗಿಸಿಕೊಂಡಿದ್ದ ಕೃತಕ ಗಜ ಅದು. ಧಾರೆಯ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯ ಮೀಸಲಾಗಿದೆ. ಯಂತ್ರವನ್ನು ಬೆರಗಿಗಾಗಿ ಮಾಡುವುದು ನಮಗೆ ಹೊರಗಿನಿಂದ ಬಂದ ಚಟವಲ್ಲ.

ಇನ್ನೊಂದು ಸಂಗತಿಯನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ವರ್ನನ ಕ್ಯಾಪ್ಟನ್ ನೀಮೋ ಈ ಕುಶಲಿಗಳಿಗೆಲ್ಲ ಆರಾಧ್ಯ ಪುರುಷ. ಅವನ ‘ನಾಟಿಲಸ್’ ನೌಕೆಯ ಗುಂಡು ಕಿಟಕಿಗಳನ್ನೂ ಕುಸುರಿ ಕಂಬಿಗಳನ್ನೂ ಅನುಕರಿಸದವರು ಅವರಲ್ಲಿ ವಿರಳ. ಆ ನೀಮೋ ಯಾರು? ‘ರಹಸ್ಯ ದ್ವೀಪ’ವೆಂಬ ಮುಂದಿನ ಕಾದಂಬರಿಯಲ್ಲಿ ವರ್ನ್ ಅದನ್ನು ಬಿಚ್ಚಿಡುತ್ತಾನೆ: ಅವನು ಬುಂದೇಲಖಂಡದ ರಾಜಕುಮಾರ ಡಕ್ಕಾರ್, ನಮ್ಮ ಟಿಪ್ಪೂ ಸುಲ್ತಾನನ ಸೋದರಸಂಬಂಧದ ಮಗ! ಕಾಲಗಣನೆಗೆ ಇದು ಒಗ್ಗದು, ಚರಿತ್ರೆಗಂತೂ ಇದರ ಗಂಧವಿಲ್ಲ. ಆದರೆ ಯಂತ್ರವನ್ನು ಬ್ರಿಟಿಷರ ಮೇಲೆ ತಿರುಗಿಸಬಲ್ಲ ಒಬ್ಬ ವೀರನನ್ನು ಕಲ್ಪಿಸಹೊರಟ ಫ್ರೆಂಚ್ ಲೇಖಕನಿಗೆ ಶ್ರೀರಂಗಪಟ್ಟಣ ನೆನಪಾದದ್ದು ಆಕಸ್ಮಿಕವಲ್ಲ.

ಏಕೆಂದರೆ ಶ್ರೀರಂಗಪಟ್ಟಣದಲ್ಲಿ ನಿಜವಾಗಿಯೂ ಅಂಥದೊಂದು ಯಂತ್ರವಿತ್ತು. 1799ರ ಮೇ 4ರಂದು ಟಿಪ್ಪೂ ಮಡಿದ ಮೇಲೆ ಅರಮನೆಯನ್ನು ಶೋಧಿಸಿದವರಿಗೆ ಮರದ ಹುಲಿಯೊಂದು ಸಿಕ್ಕಿತು. ಸುಮಾರು 71 ಸೆಂಟಿಮೀಟರ್ ಎತ್ತರ. ಅಂಗಾತ ಬಿದ್ದ ಯುರೋಪಿಯನ್ ಸಿಪಾಯಿಯೊಬ್ಬನ ಕೊರಳಿಗೆ ಬಾಯಿ ಹಾಕಿ ನಿಂತಿದೆ. ಪಕ್ಕದ ಹಿಡಿಯನ್ನು ತಿರುವಿದರೆ ಒಳಗಿನ ತಿದಿಗಳು ಉಸಿರಾಡತೊಡಗುತ್ತವೆ. ಹುಲಿ ಗುರುಗುಟ್ಟುತ್ತದೆ, ಬಿದ್ದವನ ಕೈ ಮೇಲಕ್ಕೇಳುತ್ತ ಇಳಿಯುತ್ತದೆ, ಅವನ ಗಂಟಲಿನಿಂದ ನರಳುವ ದನಿ ಹೊರಡುತ್ತದೆ. ಹುಲಿಯ ಪಕ್ಕೆಯ ಬಾಗಿಲನ್ನು ತೆರೆದರೆ ಒಳಗೆ 18 ಸ್ವರದ ಗುಂಡಿಗಳುಳ್ಳ ಪುಟ್ಟ ಆರ್ಗನ್ ವಾದ್ಯ. ಒಳಗಿನ ಕೀಲುಗಳಿಗೆ ಫ್ರೆಂಚರ ಕೈ ತಾಗಿರಬಹುದೆಂದು ಊಹಿಸಿದವರಿದ್ದಾರೆ. ಆದರೆ ಮರವನ್ನು ಕಡೆದ ಉಳಿ ಮೈಸೂರಿನದು. 1808ರಿಂದ ಅದನ್ನು ಲಂಡನ್ನಿನಲ್ಲಿ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕಿಟ್ಟರು. ಬಂದವರೆಲ್ಲ ಹಿಡಿಯನ್ನು ತಿರುವಿ ತಿರುವಿ, ಅಲ್ಲಿಯ ಗ್ರಂಥಾಲಯದಲ್ಲಿ ಓದಲು ಕುಳಿತವರಿಗೆ ಕಾಟವಾಯಿತಂತೆ. ಓದುವುದನ್ನೇ ಕಸುಬು ಮಾಡಿಕೊಂಡಿದ್ದ ನನಗೆ ಅವರ ಮೇಲೆ ಕನಿಕರವಿದೆ. ಆದರೂ ನಾನು ಹುಲಿಯ ಪಕ್ಷ. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಪೆಟ್ಟು ಬಿದ್ದು ಮತ್ತೆ ಜೋಡಿಸಬೇಕಾಯಿತು. ಈಗ ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ದೂರ ಹೋದದ್ದು ಸಾಕು. ಕೃಷ್ಣೆಯ ದಂಡೆಗೆ ಮರಳೋಣ. ಗಾಲವ ಋಷಿಯ ತಪೋಭೂಮಿಯಾದ್ದರಿಂದ ಗಲಗಲಿ ಎಂಬ ಹೆಸರು ಬಂತೆಂಬುದು ಊರವರ ನಂಬಿಕೆ. ನನಗೆ ಮಾತ್ರ ಆ ಹೆಸರಿನಲ್ಲಿ ಗೆಜ್ಜೆಯ, ಗಾಲಿಯ, ಹಿತ್ತಾಳೆಯ ಸದ್ದೇ ಕೇಳಿಸುತ್ತದೆ. ಈ ಊರಿಗೆ ರೈಲು ಬರಲಿಲ್ಲ. ಉಗಿಬಂಡಿಯನ್ನು ನೋಡಬೇಕೆಂದರೆ ನಾವು ಬಾಗಲಕೋಟೆಗೇ ಹೋಗಬೇಕಾಗಿತ್ತು. ಆದರೆ ಉಗಿಯುಗ ನಮ್ಮ ಬಚ್ಚಲಿಗೆ ಬಂದಿತ್ತು. ತಾಮ್ರದ ಬಂಬವನ್ನು ನೆನೆಸಿಕೊಳ್ಳಿ: ನೀರಿನ ನಡುವೆ ಬೆಂಕಿಯ ಕೊಳವೆ, ಕೆಳಗೆ ಜಾಳಿಗೆ, ಮೇಲೆ ಹೊಗೆಗಂಡಿ, ಪಕ್ಕಕ್ಕೆ ಹಿತ್ತಾಳೆಯ ತೋಟಿ. ನೀರಿನೊಳಗೆ ಬೆಂಕಿಯನ್ನು ಹಾಯಿಸಿ ಕಾಯಿಸುವ ಉಪಾಯವೇ ರೈಲಿನ ಎಂಜಿನಿನಲ್ಲಿಯೂ ಇರುವುದು. ಅಡಿಗೆಯ ಮನೆಯಲ್ಲಿ 1892ರ ಸ್ವೀಡನ್ನಿನ ಪ್ರೈಮಸ್ ಒಲೆಯ ಸಂತತಿ. ಗಾಳಿ ಹೊಡೆದು ಪಿನ್ನು ಚುಚ್ಚಿದರೆ ನೀಲಿ ಜ್ವಾಲೆ. ಇವನ್ನೆಲ್ಲ ಇಂದು ದೂರದ ಕುಶಲಿಗಳು ಸಾವಿರಾರು ರೂಪಾಯಿ ಕೊಟ್ಟು ಹುಡುಕುತ್ತಾರೆ. ನಮ್ಮ ತಾಯಂದಿರು ಇವನ್ನು ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದರು.

ಊರ ಹೊರಗಿನ ಕುಲುಮೆಯಲ್ಲಿ ಬಂಡಿಯ ಗಾಲಿಗೆ ಹಳಿ ಹಾಕುವುದನ್ನು ಕಂಡವರಿಗೆ ಕೈಗೆಲಸದಲ್ಲಿ ಗಣಿತವಿದೆಯೇ ಎಂಬ ಸಂಶಯ ಉಳಿಯಲಾರದು. ಕಬ್ಬಿಣದ ಹಳಿಯನ್ನು ಗಾಲಿಗಿಂತ ಕೊಂಚ ಸಣ್ಣದಾಗಿಯೇ ಮಾಡಿರುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದಾಗ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ಮರದ ಗಾಲಿಗೆ ತೊಡಿಸಿ ಕೂಡಲೇ ನೀರು ಸುರಿಯುತ್ತಾರೆ. ಕುಗ್ಗುವ ಕಬ್ಬಿಣ ಅರಗಳನ್ನೂ ಗುಂಬವನ್ನೂ ಬಿಗಿದಪ್ಪುತ್ತದೆ. ಎಷ್ಟು ಸಣ್ಣದಿರಬೇಕೆಂಬುದು ಕಮ್ಮಾರನ ಕಣ್ಣಳತೆ. ಹೆಚ್ಚಾದರೆ ಗಾಲಿ ಸೀಳೀತು, ಕಡಿಮೆಯಾದರೆ ಹಳಿ ಕಳಚೀತು. ಹಾಗೆಯೇ ಹಿತ್ತಾಳೆ ಬಡಿದಷ್ಟೂ ಬಿರುಸಾಗುತ್ತದೆ, ನಡುನಡುವೆ ಕಾಯಿಸಿ ಮೆದು ಮಾಡದಿದ್ದರೆ ಸೀಳುತ್ತದೆ ಎಂಬುದು ಕಂಚಗಾರನಿಗೂ, ಬೆಸುಗೆಗೆ ಬಿಳಿಗಾರ ಬೇಕೆಂಬುದು ಪತ್ತಾರನಿಗೂ ತಲೆಮಾರುಗಳಿಂದ ಗೊತ್ತು. ಇವುಗಳನ್ನೇ ಹೊಸ ಕುಶಲಿ ಪುಸ್ತಕದಿಂದಲೂ ತಪ್ಪುಗಳಿಂದಲೂ ಕಲಿಯುತ್ತಿದ್ದಾನೆ.

ಗಲಗಲಿಗೆ ದೂರವಲ್ಲದ ರಬಕವಿ-ಬನಹಟ್ಟಿಯ ಮಗ್ಗಗಳ ಬಗ್ಗೆ ಹೇಳದಿದ್ದರೆ ಈ ಮಾತು ಅಪೂರ್ಣವಾದೀತು. ಸೀರೆಯ ಸೆರಗಿನಲ್ಲಿ ಹೂಬಳ್ಳಿ ಮೂಡಿಸುವ ಜಕಾರ್ಡ್ ಎಂಬ ಸಾಧನವನ್ನು ನೇಕಾರರೆಲ್ಲ ಬಲ್ಲರು. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಜಕಾರ್ಡ್ ಅದನ್ನು ರೂಪಿಸಿದ. ರಟ್ಟಿನ ಪಟ್ಟಿಯಲ್ಲಿ ತೂತಿದ್ದ ಕಡೆ ಹಾಸಿನ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಹೊಕ್ಕು ನಡುವೆ ಹಾಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಇದನ್ನು ಕಂಡು, ಹೂವನ್ನು ನೇಯಬಲ್ಲ ರಟ್ಟು ಲೆಕ್ಕವನ್ನೂ ಏಕೆ ನೇಯಬಾರದೆಂದು ಯೋಚಿಸಿದ. ಸುಮಾರು 24,000 ರಟ್ಟುಗಳ ನೆರವಿನಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಬ್ಯಾಬೇಜನ ಮನೆಯಲ್ಲಿತ್ತು. ಅವನ ಲೆಕ್ಕದ ಯಂತ್ರಗಳು ಅವನ ಕಾಲದಲ್ಲಿ ಪೂರ್ಣವಾಗಲಿಲ್ಲ. ಅವುಗಳಲ್ಲೊಂದನ್ನು ಅವನ ನಕ್ಷೆಯಂತೆಯೇ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1991ರಲ್ಲಿ ಕಟ್ಟಿ ನೋಡಿದಾಗ ಅದು ಸರಿಯಾಗಿ ಲೆಕ್ಕ ಮಾಡಿತು. ಆ ಯಂತ್ರ ಅಂದೇ ನಡೆದಿದ್ದರೆ ಎಂಬ ಕಲ್ಪನೆಯ ಮೇಲೆ ಗಿಬ್ಸನ್ ಮತ್ತು ಸ್ಟರ್ಲಿಂಗ್ 1990ರಲ್ಲಿ ಒಂದು ಕಾದಂಬರಿಯನ್ನೇ ಕಟ್ಟಿದ್ದರು. ಬನಹಟ್ಟಿಯ ನೇಕಾರನ ಮನೆಯ ಅಟ್ಟದ ಮೇಲಿರುವ ತೂತುಬಿದ್ದ ರಟ್ಟಿನ ಕಟ್ಟು ಯಾವ ವಂಶದ್ದೆಂದು ಅವನ ಮಕ್ಕಳಿಗೆ ನಮ್ಮ ಶಾಲೆಗಳು ಹೇಳಿಕೊಡಬೇಕಾಗಿತ್ತು.

ಕುಶಲಿಯ ಕೈ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲೆಂದು ಮುಂಬಯಿಗೆ ಹೋದರು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತಿಳಿಯದೆಂದು ಕುಂಚವನ್ನು ಬಿಟ್ಟು ಯಂತ್ರರೇಖನಕ್ಕೆ ತಿರುಗಿದರು. ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ಲಿನ ಅಂಗಡಿ, ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆಂದು ರೈತರು ಮೊದಲು ಅದನ್ನು ಮುಟ್ಟಲಿಲ್ಲ. 1910ರಲ್ಲಿ ಔಂಧದ ಅರಸರ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ರೇಖೆಯ ಅಂದವನ್ನು ಬಲ್ಲ ಕಣ್ಣೇ ನೇಗಿಲಿನ ಬಾಗನ್ನೂ ತಿದ್ದಿತೆಂದು ನಾನು ಭಾವಿಸುತ್ತೇನೆ.

ಇಲ್ಲಿಯೇ ಈ ಹೊಸ ಕಲೆಯ ಬಗ್ಗೆ ನನ್ನ ತಕರಾರು ಮೊದಲಾಗುತ್ತದೆ. ಹಲ್ಲುಚಕ್ರ ಇನ್ನೊಂದು ಹಲ್ಲುಚಕ್ರವನ್ನು ತಿರುಗಿಸಬೇಕು. ಟೋಪಿಯ ಮೇಲೆ ಅಂಟಿಸಿದ ಚಕ್ರ, ಏನನ್ನೂ ತೆರೆಯದ ತೋಟಿ, ಏನನ್ನೂ ಅಳೆಯದ ಮುಳ್ಳು ಇವು ಅಲಂಕಾರವಿದ್ದು ಅರ್ಥವಿಲ್ಲದ ಪದ್ಯದಂತೆ. ಒಳ್ಳೆಯ ಕುಶಲಿಗಳೇ ಇದನ್ನು ಹೀಗಳೆಯುತ್ತಾರೆ. ಇದಕ್ಕಿಂತ ಕೆಟ್ಟದ್ದೆಂದರೆ, ಪದಕಕ್ಕೋ ಓಲೆಗೋ ನಾಲ್ಕು ಚಕ್ರ ಬೇಕೆಂದು ಓಡುವ ಗಡಿಯಾರವನ್ನೇ ಒಡೆಯುವುದು. ಇತ್ತ ನಮ್ಮಲ್ಲಿಯೂ ನಷ್ಟ ಕಡಿಮೆಯಲ್ಲ. ಆಲಮಟ್ಟಿಯ ಹಿನ್ನೀರು ಏರಿ ಹಳೆಯ ಬಾಗಲಕೋಟೆಯ ಭಾಗವೂ ನದಿಯ ಇಕ್ಕೆಲದ ಊರುಗಳೂ ಮನೆ ಬಿಟ್ಟು ಎದ್ದಾಗ, ಹೊಸ ಮನೆಗಳಲ್ಲಿ ಜಾಗವಿಲ್ಲದ ಹಂಡೆ, ಬಂಬ, ಕೊಡಗಳು ತೂಕದ ಲೆಕ್ಕದಲ್ಲಿ ಮಾರಾಟವಾದವು. ಕರಗಿಸುವ ಮೂಸೆಗಿಂತ ಕುಶಲಿಯ ಮೇಜು ಅವಕ್ಕೆ ಎಷ್ಟೋ ಮೇಲಾಗಿತ್ತು.

ಬೆಂಗಳೂರಿನಲ್ಲಿರುವ ನನ್ನ ಶಿಷ್ಯನೊಬ್ಬ ಇಂಥ ವಸ್ತುಗಳನ್ನು ಬಿಡುವಿನಲ್ಲಿ ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ ನನಗೊಂದು ಮೇಜುದೀಪವನ್ನು ತಂದುಕೊಟ್ಟ. ಒಲೆಯ ಹಿತ್ತಾಳೆಯ ತೊಟ್ಟಿಯೇ ಅದರ ಪೀಠ; ನಲ್ಲಿಯ ತೋಟಿಯನ್ನು ತಿರುವಿದರೆ ದೀಪ ಹತ್ತುತ್ತದೆ; ಪೀಠದ ಗಾಜಿನ ಬಿಲ್ಲೆಯ ಕೆಳಗೆ ಕೈಗಡಿಯಾರವೊಂದರ ಚಕ್ರಗಳು. ಅದನ್ನು ಜಮಖಂಡಿಯ ಕಡೆಗೆ ಹೋದಾಗ ನನ್ನ ಪರಿಚಯದ ಗಡಿಯಾರ ರಿಪೇರಿಯವರಿಗೆ ತೋರಿಸಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆಯನ್ನು 2016ರಲ್ಲಿ ಮುಚ್ಚಲು ಸರಕಾರ ತೀರ್ಮಾನಿಸಿದ ಮೇಲೆ, ಅವರಂಥವರಿಗೆ ಒಂದೊಂದು ಬಿಡಿಭಾಗವೂ ಬಂಗಾರ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. “ಸರ, ದೀಪ ಚಲೋ ಐತಿ. ಆದರ ಈ ಬ್ಯಾಲೆನ್ಸ್ ಗಾಲಿ ಇನ್ನೂ ಓಡೂವಂಥಾದ್ದರಿ. ಇದನ್ನ್ಯಾಕ ಇಲ್ಲಿ ಕೂಡಿಸಿಟ್ಟಾರ?” ಎಂದರು.

ಶಿಷ್ಯನಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನು ನಕ್ಕು, “ತೆಗೆದುಕೊಳ್ಳಲಿ ಸಾರ್” ಎಂದ. ರಿಪೇರಿಯವರು ಗಾಜನ್ನು ಬಿಚ್ಚಿ ಆ ಚಕ್ರವನ್ನು ಚಿಮಟದಲ್ಲಿ ಎತ್ತಿ, ತಮ್ಮ ತಗಡಿನ ಡಬ್ಬಿಯಿಂದ ಅಚ್ಚು ಮುರಿದ ಇನ್ನೊಂದನ್ನು ಆರಿಸಿ ಅಲ್ಲಿ ಕೂಡಿಸಿದರು. ನೋಡುವವರಿಗೆ ವ್ಯತ್ಯಾಸ ತಿಳಿಯದು. ತೆಗೆದ ಚಕ್ರ ರೈತನೊಬ್ಬ ಬಿಟ್ಟುಹೋಗಿದ್ದ ಎಚ್.ಎಂ.ಟಿ. ಜನತಾ ಗಡಿಯಾರಕ್ಕೆ ಹೋಯಿತು. ಕೀಲಿ ಕೊಟ್ಟು ಅದನ್ನು ನನ್ನ ಕಿವಿಗೆ ಹಿಡಿದರು, ಓಡುತ್ತಿತ್ತು.